ಜ್ವರಕ್ಕೆ ಮದ್ದು ಕೇಳಿದರೆ ಪ್ರಜಾಪ್ರಭುತ್ವ ಬರೆದುಕೊಟ್ಟ ಡಾಕ್ಟರ್

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ರುಡಾಲ್ಫ್ ವಿರ್ಚೋ ಹೆಸರು ಗೊತ್ತಿರುತ್ತೆ. ಹೊಸ ಜೀವಕೋಶ ಹುಟ್ಟೋದು ಇನ್ನೊಂದು ಜೀವಕೋಶದಿಂದಲೇ ಅಂತ ಒಂದು ಸಾಲು, ಒಂದು ಇಸವಿ, ಒಂದು ಮಾರ್ಕಿನ ಪ್ರಶ್ನೆ. ಪಠ್ಯಪುಸ್ತಕದ ಮಟ್ಟಿಗೆ ಆತ ಅಷ್ಟೇ. ಇದೇ ಮನುಷ್ಯ 26ನೇ ವಯಸ್ಸಿಗೆ ಸರ್ಕಾರ ಕಳಿಸಿದ ಕಡೆ ಹೋಗಿ, ಆ ಸರ್ಕಾರವೇ ರೋಗಕ್ಕೆ ಕಾರಣ ಅಂತ ವರದಿ ಬರೆದಿದ್ದ ಎಂಬುದನ್ನು ಪುಸ್ತಕ ಹೇಳುವುದಿಲ್ಲ.

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾದ ಪೊಮೆರೇನಿಯಾ ಪ್ರಾಂತ್ಯದ ಶಿವೆಲ್‌ಬೈನ್ ಎಂಬ ಸಣ್ಣ ಊರಲ್ಲಿ. ಈಗ ಅದು ಪೋಲೆಂಡಿನಲ್ಲಿದೆ. ಅಪ್ಪ ಒಂದಿಷ್ಟು ಜಮೀನಿದ್ದ ರೈತ, ಊರಿನ ಖಜಾಂಚಿ. ಮಗನನ್ನು ದುಡ್ಡು ಕೊಟ್ಟು ಮೆಡಿಕಲ್ ಓದಿಸುವ ಶಕ್ತಿ ಮನೆಗಿರಲಿಲ್ಲ. ಬರ್ಲಿನ್‌ನ ಮಿಲಿಟರಿ ವೈದ್ಯಕೀಯ ಸಂಸ್ಥೆ ಬಡ ಪ್ರತಿಭಾವಂತರಿಗೆ ಪುಕ್ಕಟೆ ಕಲಿಸುತ್ತಿತ್ತು, ಬದಲಿಗೆ ಸೈನ್ಯದಲ್ಲಿ ಸೇವೆ ಕೇಳುತ್ತಿತ್ತು. ಹುಡುಗ ಅಲ್ಲಿಗೆ ಸೇರಿದ. 1843ರಲ್ಲಿ ಪದವಿ, ಆಮೇಲೆ ಶಾರಿಟೆ ಆಸ್ಪತ್ರೆಯ ಶವಾಗಾರದಲ್ಲಿ ಕೆಲಸ.

ಕತೆ ನಿಜವಾಗಿ ಶುರುವಾಗೋದು 1848ರ ಫೆಬ್ರವರಿಯಲ್ಲಿ. ಪ್ರಷ್ಯಾದ ದಕ್ಷಿಣದ ಮೂಲೆಯ ಅಪ್ಪರ್ ಸಿಲೇಸಿಯಾದಲ್ಲಿ ಟೈಫಸ್ ಜ್ವರ ತಿಂಗಳುಗಟ್ಟಲೆ ಜನರನ್ನು ಕೊಲ್ಲುತ್ತಿತ್ತು. ಪತ್ರಿಕೆಗಳು ಬರೆದು ಬರೆದು ಸರ್ಕಾರಕ್ಕೆ ಮುಜುಗರವಾದ ಮೇಲೆ ಒಂದು ತನಿಖೆ ಅಂತಾಯಿತು. ಹಿರಿಯ ವೈದ್ಯಾಧಿಕಾರಿಯೊಬ್ಬರ ಜೊತೆ ವಿರ್ಚೋನನ್ನೂ ಕಳಿಸಿದರು. ಶವ ಕೊಯ್ದು ನೋಡಿ, ರೋಗದ ಲಕ್ಷಣ ಬರೆದು, ಒಂದಿಷ್ಟು ಔಷಧಿ ಸೂಚಿಸಿ ಬರಲಿ ಅನ್ನುವಷ್ಟೇ ನಿರೀಕ್ಷೆ.

ಆತ ಮನೆಮನೆಗೆ ಹೋದ. ಅಲ್ಲಿನ ಬಹುಪಾಲು ಜನ ಪೋಲಿಷ್ ಮಾತಾಡುವವರು. ಅಧಿಕಾರಿಗಳು, ನ್ಯಾಯಾಧೀಶರು, ಡಾಕ್ಟರುಗಳು ಮಾತಾಡುತ್ತಿದ್ದುದು ಜರ್ಮನ್. ಒಂದೇ ಕೋಣೆಯ ಮರದ ಗುಡಿಸಲು, ಅದರಲ್ಲೇ ಸಂಸಾರ, ಅದರಲ್ಲೇ ದನ. ಊಟ ಅಂದರೆ ಆಲೂಗಡ್ಡೆ. ಆ ಆಲೂಗಡ್ಡೆ ಬೆಳೆ ವರ್ಷದ ಮೇಲೆ ವರ್ಷ ಕೈಕೊಟ್ಟಿತ್ತು, ಮೇಲಿಂದ ಪ್ರವಾಹ. ಪ್ಲೆಸ್ ಎಂಬ ಒಂದೇ ಜಿಲ್ಲೆಯಲ್ಲಿ 1847ರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು ಸತ್ತಿದ್ದರು. ನೆಲದಡಿಯ ಗಣಿಗಳೂ ನೆಲದ ಮೇಲಿನ ಹೊಲಗಳೂ ಕೆಲವೇ ಜಮೀನ್ದಾರರ ಕೈಯಲ್ಲಿದ್ದವು. ಹಣ ಹುಟ್ಟುತ್ತಿದ್ದುದು ಇಲ್ಲಿ, ಖರ್ಚಾಗುತ್ತಿದ್ದುದು ದೂರದ ದೊಡ್ಡ ನಗರಗಳಲ್ಲಿ.

ಈ ಜನ ಸೋಮಾರಿಗಳು, ಕುಡುಕರು, ಕೊಳಕರು, ಅದಕ್ಕೇ ಸಾಯುತ್ತಾರೆ ಎಂಬ ವಿವರಣೆ ಆಗ ಸಿದ್ಧವಾಗಿತ್ತು. (ಯಾವ ಕಾಲದಲ್ಲಿ ಸಿದ್ಧವಿರಲ್ಲ ಹೇಳಿ.) ವಿರ್ಚೋ ಕೂಡ ಇದರಿಂದ ಪೂರ್ತಿ ಮುಕ್ತನಲ್ಲ. ವರದಿಯಲ್ಲಿ ಪೋಲಿಷ್ ರೈತರ ಬಗ್ಗೆ ಜರ್ಮನ್ ಮೇಲರಿಮೆಯ ಮಾತುಗಳು ಇವೆ, ಇವತ್ತು ಓದಿದರೆ ಮುಖ ಕಿವುಚುವಂಥವು. ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ. ಜನ ಹೀಗೆ ಕೈಚೆಲ್ಲಿ ಕೂತಿದ್ದಾರೆ ಅಂದರೆ ಇವರನ್ನು ಹೀಗೆ ಮಾಡಿದ್ದು ಯಾರು ಅಂತ ಕೇಳಿದ. ಶತಮಾನಗಳ ಜೀತ, ಅರ್ಥವಾಗದ ಭಾಷೆಯಲ್ಲಿ ನಡೆಯುವ ಆಡಳಿತ, ಶಾಲೆ ಇಲ್ಲದ ಹಳ್ಳಿಗಳು, ವಿಧೇಯತೆ ಕಲಿಸುವ ಚರ್ಚು. ಹಸಿವಿನ ಸುದ್ದಿ ಗೊತ್ತಿದ್ದೂ ತಿಂಗಳುಗಟ್ಟಲೆ ಕಡತ ತಿರುವುತ್ತಾ ಕೂತ ಅಧಿಕಾರಶಾಹಿ.

ಹಾಗಾಗಿ ಆತ ಬರೆದ ಚೀಟಿಯಲ್ಲಿ ಮಾತ್ರೆ, ಕಷಾಯ ಇರಲಿಲ್ಲ. ಪೂರ್ಣ ಪ್ರಜಾಪ್ರಭುತ್ವ ಕೊಡಿ. ಜನರ ಭಾಷೆಯಲ್ಲಿ ಶಾಲೆ ನಡೆಸಿ. ಚರ್ಚನ್ನು ರಾಜ್ಯದಿಂದ ಬೇರೆ ಮಾಡಿ. ತೆರಿಗೆ ಭಾರವನ್ನು ಬಡವರ ಹೆಗಲಿಂದ ಉಳ್ಳವರ ಹೆಗಲಿಗೆ ದಾಟಿಸಿ. ರಸ್ತೆ ಹಾಕಿ, ಬೇಸಾಯ ಸುಧಾರಿಸಿ, ಸಹಕಾರ ಸಂಘ ಕಟ್ಟಿ. ಜ್ವರದ ವರದಿಯಲ್ಲಿ ಇದೆಲ್ಲ!

ಇಲ್ಲೊಂದು ವಿಷಯ ಗಮನಿಸಬೇಕು. ಟೈಫಸ್ ಹೇನಿನಿಂದ ಹರಡುತ್ತೆ ಅನ್ನೋದು ಆತನಿಗೆ ಗೊತ್ತಿರಲೇ ಇಲ್ಲ. ಅದು ಗೊತ್ತಾಗಿದ್ದು 1909ರಲ್ಲಿ, ಶಾರ್ಲ್ ನಿಕೋಲ್ ಟ್ಯೂನಿಸ್‌ನಲ್ಲಿ ನಡೆಸಿದ ಪ್ರಯೋಗಗಳಿಂದ. ಹೇನು ಬೆಳೆಯೋದು ಎಲ್ಲಿ? ಬದಲಿಸಲು ಇನ್ನೊಂದು ಜೊತೆ ಬಟ್ಟೆ ಇಲ್ಲದವರ ಮೈಮೇಲೆ, ನೀರು ಕಾಯಿಸಲು ಸೌದೆ ಇಲ್ಲದ ಮನೆಯಲ್ಲಿ, ಚಳಿಗೆ ಒತ್ತೊತ್ತಾಗಿ ಮಲಗುವಲ್ಲಿ. ರೋಗಾಣು ಕಾಣದಿದ್ದರೂ ರೋಗದ ದಾರಿ ಆತನಿಗೆ ಕಂಡಿತ್ತು.

ಮಾರ್ಚ್‌ನಲ್ಲಿ ಬರ್ಲಿನ್‌ಗೆ ವಾಪಸ್ ಬಂದ ಕೆಲವೇ ದಿನಕ್ಕೆ ಕ್ರಾಂತಿ ಸಿಡಿಯಿತು. ಡಾಕ್ಟರ್ ಬ್ಯಾರಿಕೇಡಿನ ಹಿಂದೆ ನಿಂತ. ಕೈಯಲ್ಲಿದ್ದುದು ಒಂದು ಪಿಸ್ತೂಲು, ಅದೂ ದೂರದ ಸೈನಿಕರಿಗೆ ತಾಗುವಂಥದ್ದಲ್ಲ. ಅದೇ ಜುಲೈನಲ್ಲಿ ಗೆಳೆಯ ಲಾಯ್‌ಬುಷರ್ ಜೊತೆ ವೈದ್ಯಕೀಯ ಸುಧಾರಣೆಗೆಂದೇ ಒಂದು ವಾರಪತ್ರಿಕೆ ತೆಗೆದ. ಬಡವರಿಗೆ ಆರೋಗ್ಯ ದಾನವಲ್ಲ, ಹಕ್ಕು ಎಂಬ ವಾದ ಅದರಲ್ಲಿ ಮತ್ತೆ ಮತ್ತೆ ಬಂತು. ಪತ್ರಿಕೆ ಒಂದು ವರ್ಷವೂ ತುಂಬಿಸಲಿಲ್ಲ. ಕ್ರಾಂತಿ ಸೋತಿತು, ಆತನಿಗೆ ಕೆಲಸದಿಂದ ಅಮಾನತು. 1849ರ ಕೊನೆಗೆ ಬವೇರಿಯಾದ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯ ಪ್ರೊಫೆಸರ್ ಹುದ್ದೆ ಕೊಟ್ಟಿತು. ಇಲ್ಲಿ ರಾಜಕೀಯ ಮಾಡಲ್ಲ ಅಂತ ಭರವಸೆ ಕೊಟ್ಟೇ ಸೇರಬೇಕಾಯಿತು. ಏಳು ವರ್ಷ ಬಾಯಿಮುಚ್ಚಿ ಸೂಕ್ಷ್ಮದರ್ಶಕದ ಮುಂದೆ ಕೂತ. ಜೀವಕೋಶದಲ್ಲೇ ರೋಗ ಹುಡುಕಬೇಕೆಂಬ ಸಿದ್ಧಾಂತ ಬೆಳೆದಿದ್ದು ಆಗಲೇ. ದೇಹವನ್ನು ಸಮಾನ ಕೋಶಗಳ ಗಣರಾಜ್ಯದ ಹಾಗೆ ಕಂಡವನಿಗೆ ರಾಜಕೀಯ ಎಲ್ಲಿ ಬಿಟ್ಟುಹೋಗಿತ್ತು ಅನ್ನೋದು ಬೇರೆ ಮಾತು.

1856ರಲ್ಲಿ ಬರ್ಲಿನ್ ಮತ್ತೆ ಕರೆಯಿತು. 1859ರಲ್ಲಿ ನಗರಸಭೆಗೆ ಆಯ್ಕೆಯಾದ, ಸಾಯುವ ತನಕ ಅಲ್ಲೇ ಇದ್ದ. 1861ರಲ್ಲಿ ಪ್ರೋಗ್ರೆಸ್ಸಿವ್ ಪಕ್ಷ ಕಟ್ಟಿದವರಲ್ಲಿ ಒಬ್ಬನಾದ. ಮುಂದೆ ಪ್ರಷ್ಯಾದ ಶಾಸನಸಭೆಯಲ್ಲಿ, 1880ರಿಂದ 1893ರವರೆಗೆ ಜರ್ಮನ್ ಸಂಸತ್ತಿನಲ್ಲೂ ಕೂತ. ಸೈನ್ಯದ ಖರ್ಚಿನ ವಿಷಯದಲ್ಲಿ ಬಿಸ್ಮಾರ್ಕ್‌ಗೆ ಸಿಂಹಸ್ವಪ್ನ. ಎಷ್ಟರಮಟ್ಟಿಗೆ ಅಂದರೆ 1865ರಲ್ಲಿ ಬಿಸ್ಮಾರ್ಕ್ ಆತನನ್ನು ದ್ವಂದ್ವಯುದ್ಧಕ್ಕೆ ಕರೆದ. ವಿರ್ಚೋ ಒಲ್ಲೆ ಅಂದ. ಆತ ಆಯುಧವಾಗಿ ಹುಳುಬಿದ್ದ ಸಾಸೇಜ್ ಆರಿಸಿಕೊಂಡ ಎಂಬ ಕತೆ ಸೋಷಿಯಲ್ ಮೀಡಿಯಾದಲ್ಲಿ ಓಡಾಡುತ್ತಲೇ ಇರುತ್ತೆ, ಮಜವಾಗಿಯೂ ಇದೆ, ಆದರೆ ಅದಕ್ಕೆ ಆಧಾರವಿಲ್ಲ. ಹಂದಿಮಾಂಸದ ಹುಳುವಿನ ಬಗ್ಗೆ ಆತ ಸಂಶೋಧನೆ ಮಾಡಿದ್ದ, ಮಾಂಸ ತಪಾಸಣೆ ಕಡ್ಡಾಯವಾಗಲಿ ಅಂತ ವರ್ಷಗಟ್ಟಲೆ ಹೋರಾಡಿದ್ದ ಎಂಬುದು ಮಾತ್ರ ನಿಜ.

ಭಾಷಣಕ್ಕಿಂತ ದೊಡ್ಡ ಕೆಲಸ ನಡೆದದ್ದು ಚರಂಡಿಯಲ್ಲಿ. ಆಗಿನ ಬರ್ಲಿನ್ ರಾಜಧಾನಿ ಅಂತ ಹೆಸರಿಗೆ, ಬೀದಿ ಬದಿಯ ತೆರೆದ ಮೋರಿಗಳಲ್ಲಿ ಹೊಲಸು ಹರಿಯುತ್ತಿತ್ತು. ಇಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ನಗರವನ್ನು 12 ಭಾಗ ಮಾಡಿ, ಪ್ರತಿ ಭಾಗದ ಕೊಳಚೆಯನ್ನು ಪಂಪ್ ಮಾಡಿ ಊರಾಚೆಯ ಹೊಲಗಳಿಗೆ ಹರಿಸುವ ಯೋಜನೆ ಮಾಡಿದ. ಇಷ್ಟು ದುಡ್ಡು ನೆಲದೊಳಗೆ ಹೂಳಬೇಕಾ ಎಂದವರಿಗೆ ಅಂಕಿಅಂಶ ಮುಂದಿಟ್ಟು ನಗರಸಭೆಯಲ್ಲಿ ವಾದಿಸಿದ್ದು ವಿರ್ಚೋ. 1873ರಲ್ಲಿ ಅಗೆತ ಶುರುವಾಯಿತು. ಮರುವರ್ಷ ಫ್ರೀಡ್ರಿಕ್ಸ್‌ಹೈನ್‌ನಲ್ಲಿ ಬರ್ಲಿನ್‌ನ ಮೊದಲ ನಗರಸಭಾ ಆಸ್ಪತ್ರೆ ತೆರೆಯಿತು, ಅದರ ಹಿಂದೆಯೂ ಆತನಿದ್ದ.

ಇಂಥವನು ರೋಗಾಣುಗಳ ವಿಷಯದಲ್ಲಿ ಎಡವಿದ. ಹೆರಿಗೆ ವಾರ್ಡಿನಲ್ಲಿ ಡಾಕ್ಟರುಗಳು ಕೈ ತೊಳೆದರೆ ತಾಯಂದಿರು ಬದುಕುತ್ತಾರೆ ಎಂದ ಸೆಮ್ಮೆಲ್‌ವೈಸ್ ಮಾತನ್ನು ಒಪ್ಪಲಿಲ್ಲ. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ತೋರಿಸಿದಾಗಲೂ ಅನುಮಾನ. ರೋಗವನ್ನು ಒಂದು ಸೂಕ್ಷ್ಮಾಣುವಿನ ತಲೆಗೆ ಕಟ್ಟಿದರೆ ಹಸಿವು, ವಸತಿ, ಕೂಲಿ ಎಲ್ಲ ಮರೆತುಹೋಗುತ್ತೆ ಎಂಬ ಅಳುಕು ಅದರ ಹಿಂದೆ ಇದ್ದಿರಬಹುದು, ಆ ಅಳುಕು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೈ ತೊಳೆಯದ ಡಾಕ್ಟರುಗಳಿಂದ ಸತ್ತ ಬಾಣಂತಿಯರೂ ಬಡವರೇ ಆಗಿದ್ದರು. ಉಳ್ಳವರಿಗೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಇದನ್ನು ಮುಚ್ಚಿಟ್ಟು ಆತನನ್ನು ಹೊಗಳೋದು ಸರಿಯಲ್ಲ.

ಮನುಷ್ಯನನ್ನು ಅಳೆಯುವ ಚಟವೂ ಇತ್ತು. ಆತ ಕೂಡಿಟ್ಟ ಸಾವಿರಾರು ತಲೆಬುರುಡೆಗಳಲ್ಲಿ ವಸಾಹತುಗಳಿಂದ ಬಂದವು ಎಷ್ಟೋ, ಅವುಗಳ ವಾರಸುದಾರರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಇದೇ ಚಟದಿಂದ ಇನ್ನೊಂದು ಫಲ ಬಂತು. ಜರ್ಮನಿಯ 67 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣ ದಾಖಲಿಸಿದಾಗ, ಶುದ್ಧ ಜರ್ಮನ್ ಮಾದರಿ ಅಂತ ಕೊಚ್ಚಿಕೊಳ್ಳುತ್ತಿದ್ದ ಹೊಂಬಣ್ಣದ ಕೂದಲು, ನೀಲಿ ಕಣ್ಣಿನವರು ಮೂರನೇ ಒಂದು ಭಾಗವೂ ಇರಲಿಲ್ಲ. ಯಹೂದಿ ಮಕ್ಕಳಲ್ಲೂ ಅಂಥವರು ನೂರಕ್ಕೆ ಹನ್ನೊಂದು ಮಂದಿ ಸಿಕ್ಕರು. ಯಹೂದಿ ದ್ವೇಷದ ರಾಜಕಾರಣಕ್ಕೆ ಆತ ಬಹಿರಂಗವಾಗಿ ಎದುರು ನಿಂತ. ದ್ವೇಷಿಸುವವರು ಈ ಲೆಕ್ಕ ಓದಲಿಲ್ಲ, ಅಥವಾ ಓದಿಯೂ ಬದಲಾಗಲಿಲ್ಲ.

1902ರ ಜನವರಿಯಲ್ಲಿ, 80 ದಾಟಿದ ಮುದುಕ, ಬರ್ಲಿನ್‌ನಲ್ಲಿ ಚಲಿಸುತ್ತಿದ್ದ ಟ್ರಾಮ್‌ನಿಂದ ಇಳಿಯಲು ಹೋಗಿ ಬಿದ್ದ. ತೊಡೆಮೂಳೆ ಮುರಿಯಿತು. ಅದರಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡ. ಆಗ ಕಾರ್ಮಿಕರೇ ತುಂಬಿದ್ದ ವೆಡ್ಡಿಂಗ್ ಬಡಾವಣೆಯಲ್ಲಿ ನಗರಸಭೆ ಒಂದು ದೊಡ್ಡ ಆಸ್ಪತ್ರೆ ಕಟ್ಟಿಸುತ್ತಿತ್ತು. 1906ರಲ್ಲಿ ಅದರ ಬಾಗಿಲು ತೆರೆದಾಗ ಹಲಗೆಯ ಮೇಲಿದ್ದುದು ವಿರ್ಚೋ ಹೆಸರು.