ಊರಿಗೆ ಹೊರಟವರು ಕೊಡಗು ಸೇರಿದರು

ತರೀಕೆರೆ, ಲಕ್ಕವಳ್ಳಿ ಕಡೆ ಪತ್ರಿಕಾ ದಿನದ ಭಾಷಣಗಳಲ್ಲಿ ತಪ್ಪದೆ ಬರೋ ಹೆಸರು ಹರ್ಮನ್ ಮೊಗ್ಲಿಂಗ್. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಗೊತ್ತಿಲ್ಲ.

ಹುಟ್ಟಿದ್ದು 1811, ಜರ್ಮನಿಯ ಬ್ರಾಕೆನ್‌ಹೈಮ್. 1836ರಲ್ಲಿ ಬಾಸೆಲ್ ಮಿಷನ್ ಪಾದ್ರಿಯಾಗಿ ಮಂಗಳೂರಿಗೆ ಬಂದರು. ಬಂಗಲೆಯಲ್ಲಿ ಕೂರುವ ಆಸಾಮಿ ಅಲ್ಲ. ಶಾಲೆ ಹುಡುಗರ ಜೊತೆಗೇ ವಾಸ, ಅವರ ಊಟವೇ ಊಟ. ಕನ್ನಡ ಕಲಿತು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. 15 ದಿನಕ್ಕೊಂದು ಸಂಚಿಕೆ. ಆಮೇಲೆ ಕಾಸಮೇಜರ್ ಎಂಬ ನಿವೃತ್ತ ಜಡ್ಜಿ ಕೊಟ್ಟ ಹಣದಲ್ಲಿ ದಾಸರ ಪದ, ಬಸವ ಪುರಾಣ, ಜೈಮಿನಿ ಭಾರತ ಅಚ್ಚಾದವು. ಇಲ್ಲಿನವರ ಮತ ಬದಲಿಸಲು ಬಂದವರೇ ಇಲ್ಲಿನ ಪುರಾಣ ಉಳಿಸಿದರು!

1852ರ ಹೊತ್ತಿಗೆ ಊರಿಗೆ ಹಡಗು ಹತ್ತುವ ಸಿದ್ಧತೆ ನಡೆದಿತ್ತು. ಅಷ್ಟರಲ್ಲಿ ಕ್ರೈಸ್ತನಾಗಬೇಕೆಂದು ಬಂದ ಕೊಡಗಿನ ಆಲ್ಮಂಡ ಸೋಮಯ್ಯ ಎದುರಾದರು. ಪ್ರಯಾಣ ಅಲ್ಲಿಗೇ ನಿಂತಿತು. ಮೊಗ್ಲಿಂಗ್ ಕೊಡಗಿಗೆ ಹೋದರು. ಮಿಷನ್ ಕಳಿಸಿದ್ದಲ್ಲ, ತಾವೇ ತಲೆಮೇಲೆ ಹೊತ್ತ ಕೆಲಸ. ಅಲ್ಲಿ ಜಮೀನ್ದಾರರ ಜೀತದಲ್ಲಿದ್ದ ಹೊಲೆಯರಿಗಾಗಿ ಆನಂದಪುರ ಎಂಬ ನೆಲೆ ಎದ್ದಿತು.

ತೀರಿಕೊಂಡ ಗೆಳೆಯ ವೈಗ್ಲೆಯ ಹೆಂಡತಿ ಪೌಲೀನಾರನ್ನು ಮದುವೆಯಾಗಿದ್ದರು. ಆಕೆಯ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ವಾಪಸಾಗಬೇಕಾಯಿತು. ಮತ್ತೆ ಬರಲಾಗಲಿಲ್ಲ. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.