ಹಕ್ಕಿಯ ಲೆಕ್ಕ ಕೇಳಿದ ಸಲೀಂ ಅಲಿ

ರಾಜಾನುಕುಂಟೆಯ ಸುತ್ತ ರಾಗಿ ತೆನೆ ಹಾಲುಗಾಳಾಗುವ ಹೊತ್ತಿಗೆ ಗೀಜಗ, ರಾಟವಾಳಗಳ ಹಿಂಡು ಬಂದಿಳಿಯುವುದನ್ನು ಕಾಣದ ರೈತನಿಲ್ಲ. ದ್ರಾಕ್ಷಿ ಬೆಳೆದವರಿಗೆ ಗಿಳಿ, ಗೊರವಂಕಗಳ ಕಾಟ. ತಮಟೆ, ಕವಣೆ, ಬೆದರುಬೊಂಬೆ ಎಲ್ಲವೂ ನಾಲ್ಕು ದಿನ. ಐದನೆಯ ದಿನ ಹಕ್ಕಿ ಬೊಂಬೆಯ ತಲೆಯ ಮೇಲೆಯೇ ಕೂರುತ್ತದೆ. ಆಗ ಕೆಲವರ ಕೈ ವಿಷದ ಕಡೆ ಹೋಗುತ್ತದೆ. ಅದಕ್ಕೆ ಮುಂಚೆ ಸಲೀಂ ಅಲಿಯವರ ಬದುಕನ್ನು ತಿಳಿಯುವುದು ಒಳ್ಳೆಯದು.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ತಂದೆ ತಾಯಿ ಬೇಗ ತೀರಿಕೊಂಡದ್ದರಿಂದ ಸೋದರಮಾವನ ಮನೆಯಲ್ಲಿ ಬೆಳೆದರು. ಒಮ್ಮೆ ಆಟದ ಕೋವಿಯಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಗುಬ್ಬಿ ಎಂದು ಕೇಳಲು ಮುಂಬಯಿ ನಿಸರ್ಗ ಇತಿಹಾಸ ಸಂಘಕ್ಕೆ ಹೋದ ಹುಡುಗ ಜೀವಮಾನವಿಡೀ ಆ ಸಂಘದವನೇ ಆದ. ಬರ್ಮಾದ ವ್ಯಾಪಾರ ಕೈಹಿಡಿಯಲಿಲ್ಲ. 1929ರಲ್ಲಿ ಬರ್ಲಿನ್ನಿಗೆ ಹೋಗಿ ಹಕ್ಕಿಶಾಸ್ತ್ರ ಕಲಿತು ಬಂದರೂ ಉದ್ಯೋಗ ದೊರೆಯಲಿಲ್ಲ.

ಕೆಲಸವಿಲ್ಲದ ಆ ದಿನಗಳೇ ನಮಗೆ ಲಾಭವಾದವು. 1930ರಲ್ಲಿ ಅಲಿಬಾಗ್ ಬಳಿಯ ಕಿಹಿಂ ಹಳ್ಳಿಯಲ್ಲಿ ಏಣಿಯ ಮೇಲೆ ಕುಳಿತು ಗೀಜಗನ ಗೂಡುಗಳನ್ನು ದಿನಗಟ್ಟಲೆ ನೋಡಿದರು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಸಂಸಾರ. ನಂತರ ಗಂಡು ಮತ್ತೊಂದು ಗೂಡಿಗೆ ಕೈಹಾಕುತ್ತದೆ. ರೈತ ಗಮನಿಸಬೇಕಾದದ್ದು ಬೇರೊಂದಿದೆ: ಕಾಳು ತಿನ್ನುವ ಗೀಜಗ ತನ್ನ ಮರಿಗೆ ಉಣಿಸುವುದು ಹೆಚ್ಚಾಗಿ ಹುಳು, ಮಿಡತೆಗಳನ್ನು. ಜೋಳದ ಹೊಲದ ಕಳ್ಳನೇ ಮಳೆಗಾಲದಲ್ಲಿ ಕಾವಲುಗಾರ. ಯಾವ ಹಕ್ಕಿ ಯಾವ ತಿಂಗಳು ಏನು ತಿನ್ನುತ್ತದೆಂಬ ಲೆಕ್ಕವಿಲ್ಲದೆ ಅದನ್ನು ಶತ್ರುವೆನ್ನಲಾಗದು. ಬೇಸಾಯಕ್ಕೂ ಹಕ್ಕಿಗೂ ಇರುವ ಈ ನಂಟನ್ನು ಕುರಿತು ಅವರು 1936ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. 1939ರಲ್ಲಿ ಪತ್ನಿ ತೆಹಮಿನಾ ತೀರಿಕೊಂಡರು. ಆ ದುಃಖದಲ್ಲೇ ಅದೇ ವರ್ಷದ ಕೊನೆಗೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಇಲ್ಲಿಗೆ ಬಂದರು.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಬೆಳೆ ಮತ್ತು ಹಕ್ಕಿಗಳ ಬಗ್ಗೆ ಅಖಿಲ ಭಾರತ ಯೋಜನೆ ಆರಂಭಿಸಿದ್ದು 1982ರಲ್ಲಿ. ಕೆಂಪು-ಬೆಳ್ಳಿ ಬಣ್ಣದ ಹೊಳೆಯುವ ರಿಬ್ಬನ್ ಅಂಥ ಪ್ರಯೋಗಗಳಿಂದ ಹೊಲಕ್ಕೆ ಬಂತು. ತೆನೆಗಿಂತ ಸ್ವಲ್ಪ ಮೇಲೆ, ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್ಗುಡುತ್ತದೆ. ಕಾಳು ಬಲಿಯುವ ಕೆಲವೇ ವಾರ ಕಟ್ಟಿ ಬಿಚ್ಚಬೇಕು. ವರ್ಷವಿಡೀ ಬಿಟ್ಟರೆ ಹಕ್ಕಿಗೆ ಅದೂ ರೂಢಿಯಾಗುತ್ತದೆ. ದ್ರಾಕ್ಷಿಗೆ ಬಲೆಯೇ ಸರಿ. ಖರ್ಚು ಹೆಚ್ಚು, ನಿಜ.

ಮುಪ್ಪಿನಲ್ಲಿ ಅವರು ಸಂಘದ ಸಂಗಡಿಗರೊಡನೆ ವಿಮಾನಗಳಿಗೆ ಹಕ್ಕಿ ಡಿಕ್ಕಿ ಹೊಡೆಯುವ ಸಮಸ್ಯೆಯನ್ನೂ ಕೈಗೆತ್ತಿಕೊಂಡರು. ನಿಲ್ದಾಣದ ಸುತ್ತ ಎಸೆದ ಕಸ, ಕಸಾಯಿಖಾನೆಯ ತ್ಯಾಜ್ಯ, ಸತ್ತ ದನಗಳೇ ಹದ್ದು ರಣಹದ್ದುಗಳನ್ನು ಕರೆಯುತ್ತಿದ್ದವು. ಕೋವಿಗಿಂತ ಕಸದ ವಿಲೇವಾರಿಯೇ ಮೇಲೆಂಬುದು ಅಲ್ಲಿ ಕಂಡುಬಂತು. 1987ರಲ್ಲಿ, 90 ವರ್ಷ ದಾಟಿದ ಮೇಲೆ, ಮುಂಬಯಿಯಲ್ಲೇ ತೀರಿಕೊಂಡರು.

2023ರಲ್ಲಿ ಯಲಹಂಕ ವಾಯುನೆಲೆಯ ವೈಮಾನಿಕ ಪ್ರದರ್ಶನಕ್ಕಾಗಿ 10 ಕಿ.ಮೀ. ಸುತ್ತಳತೆಯಲ್ಲಿ ಮಾಂಸ ಮಾರಾಟ ನಿಲ್ಲಿಸಿದ್ದೂ ಹದ್ದಿನ ಭಯದಿಂದಲೇ. ರಾಜಾನುಕುಂಟೆ ನೆಲೆಯಿಂದ ಅಷ್ಟು ದೂರವೂ ಇಲ್ಲ. ಇಲ್ಲಿ ಕೋಳಿ ಸಾಕುವವರು ಸತ್ತ ಕೋಳಿಯನ್ನು ಕೆರೆಯಂಗಳಕ್ಕೆ ಎಸೆಯದೆ, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು.