ದಿಂಬಿನ ಕವರ್‌ನಲ್ಲಿ ದೂಳು ಹಿಡಿದ ಸ್ಪ್ಯಾಂಗ್ಲರ್

ಬ್ರಿಟನ್ನಿನ ಮನೆಗಳಲ್ಲಿ ವ್ಯಾಕ್ಯೂಮ್ ಕ್ಲೀನರ್‌ನಿಂದ ನೆಲ ಸ್ವಚ್ಛ ಮಾಡುವುದಕ್ಕೆ ‘ಹೂವರ್ ಮಾಡುವುದು’ ಎನ್ನುತ್ತಾರೆ. ನಾವು ಫೋಟೊಕಾಪಿಗೆ ‘ಜೆರಾಕ್ಸ್’ ಎಂದ ಹಾಗೆ, ಕಂಪನಿಯ ಹೆಸರೇ ಅಲ್ಲಿ ಕೆಲಸದ ಹೆಸರಾಗಿದೆ. ಆದರೆ ಆ ಯಂತ್ರವನ್ನು ರೂಪಿಸಿದವನು ಹೂವರ್ ಅಲ್ಲ, ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದವನು. ವಯಸ್ಸು ಅರವತ್ತರ ಹತ್ತಿರ. ತಲೆಯ ಮೇಲೆ ಸಾಲ, ಎದೆಯಲ್ಲಿ ಉಬ್ಬಸ.

ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹುಡುಕಿ ತಂದು, ಬೆಲ್ಟು, ಕಾರ್ಬನ್ ಬ್ರಷ್ಷು ಬದಲಿಸಿ, ಮತ್ತೆ ಓಡುವಂತೆ ಮಾಡಿ ಇಟ್ಟುಕೊಳ್ಳುವ ಹವ್ಯಾಸಿಗಳು ಅಮೆರಿಕ, ಬ್ರಿಟನ್‌ಗಳಲ್ಲಿದ್ದಾರೆ. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರಷ್ಟೇ ಶ್ರದ್ಧೆ ಇವರದು. ಇವರ ನಡುವೆ ಮುಗಿಯದ ವಾದವೊಂದಿದೆ: ಹಳೆಯ ಬಟ್ಟೆಚೀಲದ ಯಂತ್ರ ಮೇಲೋ, ಇಂದಿನ ಫಿಲ್ಟರ್ ಯಂತ್ರ ಮೇಲೋ? ಈ ವಾದದ ಬೇರು ಸ್ಪ್ಯಾಂಗ್ಲರ್‌ನ ಬದುಕಿನಲ್ಲೇ ಇದೆ.

ಪೇಟೆಂಟ್ ಇತ್ತು, ಹಣ ಇರಲಿಲ್ಲ

ಸ್ಪ್ಯಾಂಗ್ಲರ್ ಹುಟ್ಟಿದ್ದು 1848ರ ನವೆಂಬರ್ 20ರಂದು, ಪೆನ್ಸಿಲ್ವೇನಿಯಾದಲ್ಲಿ. ಕುಟುಂಬ ಮುಂದೆ ಒಹಾಯೊದ ಸ್ಟಾರ್ಕ್ ಕೌಂಟಿಗೆ ಬಂದು ನೆಲೆಸಿತು. 1874ರಲ್ಲಿ ಮದುವೆಯಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹೊಟ್ಟೆಪಾಡಿಗೆ ಸೇಲ್ಸ್‌ಮನ್ ಕೆಲಸ.

ಆದರೆ ಮನಸ್ಸು ಸದಾ ಯಂತ್ರಗಳ ಮೇಲೆ. 1887ರಲ್ಲಿ ಧಾನ್ಯ ಕಟಾವು ಮಾಡುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. 1893ರಲ್ಲಿ ಒಣಹುಲ್ಲು ಹರಡುವ ಮತ್ತು ಒಟ್ಟುಗೂಡಿಸುವ ಯಂತ್ರಕ್ಕೆ, 1897ರಲ್ಲಿ ಕಾಲಿನಿಂದ ತುಳಿದು ಓಡಿಸುವ ಬಂಡಿಗೆ ಇನ್ನೆರಡು. ಹತ್ತು ವರ್ಷಗಳಲ್ಲಿ ಮೂರು ಪೇಟೆಂಟ್. ಇಂದು ನಮ್ಮ ರೆಸ್ಯೂಮೆಯಲ್ಲಿ ಒಂದೇ ಒಂದಿದ್ದರೂ ಸಂದರ್ಶನದಲ್ಲಿ ಎದುರಿಗೆ ಕೂತವರು ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ. ಸ್ಪ್ಯಾಂಗ್ಲರ್‌ಗೆ ಮಾತ್ರ ಯಾವುದೂ ಕೈಹಿಡಿಯಲಿಲ್ಲ, ಸಾಲ ತೀರಲಿಲ್ಲ.

ಹೀಗಾಗಿ 1907ರಲ್ಲಿ, 58ನೇ ವಯಸ್ಸಿನಲ್ಲಿ, ಕ್ಯಾಂಟನ್‌ನ ಜೋಲಿಂಗರ್ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದ. ಅಂಗಡಿಯ ತುಂಬ ಕಾರ್ಪೆಟ್. ಅದನ್ನು ಸ್ವಚ್ಛ ಮಾಡಲು ಆಗ ಇದ್ದದ್ದು ತಳ್ಳಿದರೆ ಒಳಗಿನ ಬ್ರಷ್ ತಿರುಗುವ ಪೆಟ್ಟಿಗೆ. ಅದು ಕಸವನ್ನು ಎತ್ತುತ್ತಿತ್ತು ನಿಜ, ಜೊತೆಗೆ ದೂಳನ್ನೂ ಎಬ್ಬಿಸುತ್ತಿತ್ತು. ಉಬ್ಬಸದ ಮನುಷ್ಯನಿಗೆ ಇದು ದಿನನಿತ್ಯದ ಶಿಕ್ಷೆ. ಕೆಲಸ ಬಿಟ್ಟರೆ ಸಾಲಗಾರರ ಕಾಟ, ಮಾಡಿದರೆ ಉಸಿರಿನ ಕಾಟ.

ಸೋಪಿನ ಡಬ್ಬ, ಫ್ಯಾನು, ಪೊರಕೆ ಹಿಡಿ

ಗಾಳಿಯಿಂದ ದೂಳನ್ನು ಎಳೆದುಕೊಳ್ಳಬಹುದು ಎಂಬುದನ್ನು ಮೊದಲು ಯೋಚಿಸಿದವನು ಸ್ಪ್ಯಾಂಗ್ಲರ್ ಅಲ್ಲ. 1901ರಲ್ಲೇ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಬೂತ್‌ನ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಪೈಪನ್ನು ಕಿಟಕಿಯೊಳಗೆ ತೂರಿಸಿ ಕೆಲಸ ಮಾಡಬೇಕಿತ್ತು. 1902ರಲ್ಲಿ ದೊರೆ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಸ್ವಚ್ಛ ಮಾಡಿದ್ದು ಇದೇ ಯಂತ್ರ. ಅರಮನೆಗೆ ಸರಿ, ಅಂಗಡಿಯ ಕೆಲಸದವನಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಸ್ಪ್ಯಾಂಗ್ಲರ್ ಕೈಗೆ ಸಿಕ್ಕಿದ್ದನ್ನೇ ಜೋಡಿಸಿದ. ತಗಡಿನ ಸೋಪಿನ ಡಬ್ಬ ಯಂತ್ರದ ಮೈಯಾಯಿತು. ಅದರೊಳಗೆ ಮೋಟಾರ್‌ನಿಂದ ತಿರುಗುವ ಫ್ಯಾನು. ತಳ್ಳಲು ಪೊರಕೆಯ ಹಿಡಿ. ದೂಳು ತುಂಬಿಕೊಳ್ಳಲು ಹಿಂಭಾಗದಲ್ಲಿ ದಿಂಬಿನ ಕವರ್. ಮುಂಭಾಗದಲ್ಲಿ ತಿರುಗುವ ಬ್ರಷ್ಷು ಕಾರ್ಪೆಟ್ಟಿನ ಎಳೆಗಳಲ್ಲಿ ಸಿಕ್ಕಿಕೊಂಡ ದೂಳನ್ನು ಸಡಿಲಿಸುತ್ತದೆ, ಫ್ಯಾನು ಅದನ್ನು ಎಳೆದುಕೊಂಡು ಚೀಲಕ್ಕೆ ನೂಕುತ್ತದೆ, ಚೀಲ ದೂಳನ್ನು ಹಿಡಿದು ಗಾಳಿಯನ್ನು ಹೊರಬಿಡುತ್ತದೆ. ಬ್ರಷ್ಷು, ಫ್ಯಾನು, ಚೀಲ ಈ ಮೂರನ್ನೂ ಒಬ್ಬನೇ ತಳ್ಳಬಲ್ಲ ಒಂದೇ ಯಂತ್ರದಲ್ಲಿ ಕೂಡಿಸಿದ್ದು ಅವನ ಸಾಧನೆ. ನೇರವಾಗಿ ನಿಲ್ಲುವ ‘ಅಪ್‌ರೈಟ್’ ಕ್ಲೀನರ್‌ಗಳ ರಚನೆ ಇಂದಿಗೂ ಬಹುಮಟ್ಟಿಗೆ ಇದೇ.

ಹಿಂದಿನ ಮೂರು ಪೇಟೆಂಟ್‌ಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅವೆಲ್ಲ ಬೇರೆಯವರು ಕೊಳ್ಳಲಿ ಎಂದು ಮಾಡಿದವು. ಇದು ತನ್ನದೇ ಉಸಿರಿಗಾಗಿ ಮಾಡಿಕೊಂಡದ್ದು. ಯಂತ್ರ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಬೇರೆಯವರನ್ನು ಕೇಳಬೇಕಿರಲಿಲ್ಲ. ಅಂಗಡಿ ಗುಡಿಸಿ ಮುಗಿಸುವಷ್ಟರಲ್ಲಿ ಅವನ ಎದೆಯೇ ಹೇಳುತ್ತಿತ್ತು.

1908ರ ಜೂನ್ 2ರಂದು ಪೇಟೆಂಟ್ ಸಿಕ್ಕಿತು. ಸಂಖ್ಯೆ 889823. ‘ಎಲೆಕ್ಟ್ರಿಕ್ ಸಕ್ಷನ್ ಸ್ವೀಪರ್ ಕಂಪನಿ’ ಎಂಬ ಪುಟ್ಟ ಉದ್ಯಮ ಶುರುವಾಯಿತು. ಮಕ್ಕಳೂ ಕೈಜೋಡಿಸಿದರು. ಆದರೆ ದೊಡ್ಡ ಮಟ್ಟದಲ್ಲಿ ತಯಾರಿಸಲು ಬಂಡವಾಳ ಇರಲಿಲ್ಲ.

ಹೆಸರು ಯಾರದು?

ಈ ಹೊತ್ತಿಗೆ ಯಂತ್ರವೊಂದು ನೆಂಟರ ಮನೆ ತಲುಪಿತು. ಸ್ಪ್ಯಾಂಗ್ಲರ್‌ನ ಹೆಂಡತಿಯ ಸಂಬಂಧಿ ಸೂಸನ್ ಹೂವರ್ ಅದನ್ನು ಬಳಸಿ ನೋಡಿ ಮೆಚ್ಚಿ, ಗಂಡ ವಿಲಿಯಂ ಹೂವರ್‌ಗೆ ಹೇಳಿದಳು. ವಿಲಿಯಂನದು ಚರ್ಮದ ವ್ಯಾಪಾರ. ಕುದುರೆಗೆ ಬೇಕಾದ ಜೀನು, ಕೊರಳಪಟ್ಟಿ ಮುಂತಾದವನ್ನು ತಯಾರಿಸುತ್ತಿದ್ದ. ರಸ್ತೆಗೆ ಮೋಟಾರು ಕಾರುಗಳು ಬರತೊಡಗಿದ್ದ ಕಾಲ ಅದು. ಕುದುರೆ ಹೋದರೆ ಜೀನು ಯಾರಿಗೆ ಬೇಕು? ಹೊಸ ದಾರಿ ಹುಡುಕುತ್ತಿದ್ದ ಹೂವರ್ 1908ರಲ್ಲೇ ಪೇಟೆಂಟ್ ಕೊಂಡುಕೊಂಡ.

ಮೊದಲ ಯಂತ್ರಕ್ಕೆ ‘ಮಾಡೆಲ್ ಓ’ ಎಂದು ಹೆಸರು. ಹೂವರ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಹತ್ತು ದಿನ ಮನೆಯಲ್ಲಿ ಉಚಿತವಾಗಿ ಬಳಸಿ ನೋಡಿ ಎಂದ. ಕೇಳಿದವರಿಗೆ ನೇರವಾಗಿ ಕಳಿಸದೆ, ಅವರ ಊರಿನ ಅಂಗಡಿಯವನ ಮೂಲಕ ತಲುಪಿಸಿದ. ಹೀಗೆ ಊರೂರಿಗೆ ಮಾರಾಟಗಾರರ ಜಾಲ ತಾನಾಗಿ ಬೆಳೆಯಿತು. ಎಂಬಿಎ ತರಗತಿಯಲ್ಲಿ ಪಾಠ ಮಾಡುವಂಥ ಜಾಣತನ ಅದು.

ಇಲ್ಲಿ ಸುಲಭವಾಗಿ ಒಂದು ತೀರ್ಪು ಕೊಟ್ಟುಬಿಡಬಹುದು: ಬಡವನ ಬುದ್ಧಿಯನ್ನು ಸಿರಿವಂತ ನುಂಗಿದ ಎಂದು. ಸಂಗತಿ ಹಾಗಿಲ್ಲ. ಸ್ಪ್ಯಾಂಗ್ಲರ್ ಕಂಪನಿಯಲ್ಲೇ ಉಳಿದ, ಮಾರಾಟದ ಮೇಲೆ ಅವನಿಗೆ ರಾಯಧನ ಬರುತ್ತಿತ್ತು. 1915ರ ಜನವರಿಯಲ್ಲಿ, 66ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೂ 1925ರವರೆಗೆ ಅವನ ಕುಟುಂಬಕ್ಕೆ ಹಣ ಸಂದಾಯವಾಯಿತು. ಹೂವರ್ ಇಲ್ಲದಿದ್ದರೆ ಈ ಯಂತ್ರ ಕ್ಯಾಂಟನ್ ದಾಟುತ್ತಿತ್ತೋ ಇಲ್ಲವೋ. ಆದರೂ ಕ್ರಿಯಾಪದವಾಗಿ ಉಳಿದದ್ದು ಕೊಂಡವನ ಹೆಸರು, ಕಟ್ಟಿದವನದ್ದಲ್ಲ. ಹಣ ಸಂದಿತು, ಹೆಸರು ಸಲ್ಲಲಿಲ್ಲ. ಸ್ಟಾರ್ಟ್‌ಅಪ್ ಕನಸು ಕಾಣುವ ನಮ್ಮಂಥವರು ಈ ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕುವುದನ್ನು ಕಲಿಯಬೇಕು.

ಚೀಲದಿಂದ ತಪ್ಪಿಸಿಕೊಂಡ ದೂಳು

ಈಗ ಸಂಗ್ರಾಹಕರ ವಾದಕ್ಕೆ ಬರೋಣ. ದಿಂಬಿನ ಕವರ್ ಎಷ್ಟು ದೂಳನ್ನು ಹಿಡಿಯುತ್ತಿತ್ತು?

ಕಣ್ಣಿಗೆ ಕಾಣುವ ದೂಳನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ತೊಂದರೆ ಕಾಣದ ದೂಳಿನದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಮೂಗನ್ನು ದಾಟಿ ಒಳಗಿಳಿಯಬಲ್ಲವು, ಎರಡೂವರೆ ಮೈಕ್ರಾನ್‌ಗಿಂತ ಚಿಕ್ಕವು ಶ್ವಾಸಕೋಶದ ಆಳ ಮುಟ್ಟುತ್ತವೆ. ಹತ್ತಿ ಬಟ್ಟೆಯ ನೇಯ್ಗೆಯ ಸಂದುಗಳು ಇವುಗಳಿಗೆ ಹೆಬ್ಬಾಗಿಲು. ಅಂದರೆ ಉಬ್ಬಸದವನು ಉಬ್ಬಸದಿಂದ ಪಾರಾಗಲು ಮಾಡಿದ ಯಂತ್ರ, ಉಬ್ಬಸ ಕೆರಳಿಸುವ ಅತಿಸಣ್ಣ ಕಣಗಳಲ್ಲಿ ಎಷ್ಟನ್ನೋ ಮತ್ತೆ ಕೋಣೆಗೇ ಬಿಡುತ್ತಿತ್ತು. ಹಿಂದಿನ ಬ್ರಷ್ ಪೆಟ್ಟಿಗೆಗೆ ಹೋಲಿಸಿದರೆ ಅದು ದೊಡ್ಡ ಬಿಡುಗಡೆ. ಆದರೆ ಕೆಲಸ ಅರ್ಧ ಮಾತ್ರ ಆಗಿತ್ತು.

ಇನ್ನೊಂದು ಸಮಸ್ಯೆ ಫ್ಯಾನಿನ ಜಾಗದ್ದು. ಸ್ಪ್ಯಾಂಗ್ಲರ್‌ನ ರಚನೆಯಲ್ಲಿ ದೂಳು ಮೊದಲು ಫ್ಯಾನನ್ನು ಹಾದು, ಆಮೇಲೆ ಚೀಲ ಸೇರುತ್ತದೆ. ಗಾಳಿಯ ದಾರಿ ಚಿಕ್ಕದು, ಹಾಗಾಗಿ ಕಾರ್ಪೆಟ್ಟಿನ ಮೇಲೆ ಕೆಲಸ ಜೋರು. ಆದರೆ ಚೀಲದೊಳಗಿನ ಒತ್ತಡ ಹೊರಗಿಗಿಂತ ಹೆಚ್ಚು. ಸಣ್ಣ ಬಿರುಕಿದ್ದರೂ ದೂಳು ಹೊರಗೆ ಚಿಮ್ಮುತ್ತದೆ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿ ತಂದ ‘ಮಾಡೆಲ್ ಐದು’ ಉರುಳೆಯಾಕಾರದ ಯಂತ್ರದಲ್ಲಿ ಇದು ತಿರುವುಮುರುವು. ಮೊದಲು ಚೀಲ, ಆಮೇಲೆ ಫ್ಯಾನು. ಚೀಲದ ಸುತ್ತ ಒತ್ತಡ ಕಡಿಮೆಯಿರುವುದರಿಂದ ಅಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಬರುತ್ತದೆಯೇ ಹೊರತು ದೂಳು ಹೊರಗೆ ಹೋಗುವುದಿಲ್ಲ. ಈ ಎರಡು ಪಂಥಗಳ ಜಗಳಕ್ಕೆ ನೂರು ವರ್ಷ ಕಳೆದಿದೆ.

ಅತಿಸಣ್ಣ ಕಣಗಳಿಗೆ ಉತ್ತರ ಬಂದದ್ದು ಬೇರೆಯೇ ಕಡೆಯಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಗೆ ವಿಕಿರಣಶೀಲ ಕಣಗಳನ್ನು ತಡೆಯುವ ಫಿಲ್ಟರ್ ಬೇಕಾಯಿತು. ಅದೇ ಮುಂದೆ ‘ಹೆಪಾ’ ಫಿಲ್ಟರ್ ಆಯಿತು. ಅಮೆರಿಕದ ಮಾನದಂಡದಂತೆ ಅದು 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಇನ್ನೂ ಚಿಕ್ಕ ಕಣಗಳು ತಪ್ಪಿಸಿಕೊಳ್ಳುತ್ತವೆ ಎಂದು ಅನೇಕರು ಭಾವಿಸುತ್ತಾರೆ. ನಿಜ ಬೇರೆ. ಹೆಪಾ ಜರಡಿಯಂತಲ್ಲ, ಎಳೆಗಳ ದಟ್ಟ ಪೊದೆಯಂತೆ. ದೊಡ್ಡ ಕಣಗಳು ಗಾಳಿಯೊಂದಿಗೆ ತಿರುವು ತೆಗೆದುಕೊಳ್ಳಲಾಗದೆ ಎಳೆಗೆ ಬಡಿದು ಅಂಟುತ್ತವೆ. ತೀರ ಚಿಕ್ಕವು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಅಲೆದಾಡಿ ಯಾವುದಾದರೂ ಎಳೆಗೆ ಸಿಕ್ಕಿಬೀಳುತ್ತವೆ. 0.3 ಮೈಕ್ರಾನ್ ಆಸುಪಾಸಿನವು ಎರಡೂ ಬಲೆಯಿಂದ ನುಣುಚಿಕೊಳ್ಳುವ ಚಾಲಾಕಿಗಳು. ಅದಕ್ಕೇ ಪರೀಕ್ಷೆ ಅವುಗಳ ಮೇಲೆ.

ಹಳೆಯದೋ, ಹೊಸದೋ?

ಹಾಗಾದರೆ ಹೆಪಾ ಎಂದು ಬರೆದ ಯಂತ್ರ ಕೊಂಡರೆ ಮುಗಿಯಿತೇ? ಇಲ್ಲ. ಫಿಲ್ಟರ್ ಎಷ್ಟು ದಟ್ಟವೋ ಗಾಳಿಗೆ ಅಷ್ಟು ತಡೆ. ಮೋಟಾರ್ ಅದಕ್ಕೆ ತಕ್ಕ ಹಾಗಿರಬೇಕು. ಫಿಲ್ಟರ್ ಕೂರುವ ಜಾಗದಲ್ಲಿ ರಬ್ಬರ್ ಗ್ಯಾಸ್ಕೆಟ್ ಸರಿಯಿಲ್ಲದಿದ್ದರೆ ಗಾಳಿ ಫಿಲ್ಟರನ್ನು ಬಳಸಿಕೊಂಡು ಹೊರಟುಹೋಗುತ್ತದೆ. ಆಗ ಶೇ 99.97 ಎಂಬುದು ಡಬ್ಬದ ಮೇಲಿನ ಅಂಕಿ ಮಾತ್ರ. ಜೇಮ್ಸ್ ಡೈಸನ್ ಜನಪ್ರಿಯಗೊಳಿಸಿದ ಸೈಕ್ಲೋನ್ ಯಂತ್ರಗಳಲ್ಲಿ ಚೀಲವೇ ಇಲ್ಲ. ಗಾಳಿಯನ್ನು ಸುಳಿಯಂತೆ ತಿರುಗಿಸಿ ದೂಳನ್ನು ಬೇರ್ಪಡಿಸುತ್ತಾರೆ. ಚೀಲ ಕಟ್ಟಿಕೊಂಡು ಎಳೆಯುವ ಶಕ್ತಿ ಕುಗ್ಗುವ ತೊಂದರೆ ಅಲ್ಲಿಲ್ಲ. ಆದರೆ ದೂಳಿನ ಡಬ್ಬ ಖಾಲಿ ಮಾಡುವಾಗ ಮುಖಕ್ಕೇ ರಾಚಬಹುದು. ಚೀಲವಿದ್ದರೆ ಬಾಯಿ ಮುಚ್ಚಿ ಎಸೆದುಬಿಡಬಹುದು.

ಹಳೆಯ ಯಂತ್ರಗಳ ಪ್ರೇಮಿಗಳು ಲೋಹದ ಮೈ, ಬಿಚ್ಚಿ ರಿಪೇರಿ ಮಾಡಬಹುದಾದ ಮೋಟಾರ್, ದಶಕಗಳ ಬಾಳಿಕೆ ಎಂದು ವಾದಿಸುತ್ತಾರೆ. ಅದು ಸುಳ್ಳಲ್ಲ. ಹೊಸದರ ಪರ ಇರುವವರು ಉಸಿರಾಡುವ ಗಾಳಿಯ ಲೆಕ್ಕ ಮುಂದಿಡುತ್ತಾರೆ. ಅದೂ ಸರಿ. ಕೆಲವು ಸಂಗ್ರಾಹಕರು ನಡುದಾರಿ ಹಿಡಿದಿದ್ದಾರೆ. ಹಳೆಯ ಹೂವರ್‌ನ ಬಟ್ಟೆಚೀಲದೊಳಗೆ ಇಂದಿನ ಸಿಂಥೆಟಿಕ್ ಫಿಲ್ಟರ್ ಚೀಲ ಕೂರಿಸುತ್ತಾರೆ. ಹೊರಗಿನಿಂದ ನೋಡಿದರೆ ಅಜ್ಜನ ಕಾಲದ ಯಂತ್ರ, ಒಳಗಿನ ಶ್ವಾಸ ಈ ಕಾಲದ್ದು. ನನ್ನ ಮತ ಈ ನಡುದಾರಿಗೆ. ಸ್ಪ್ಯಾಂಗ್ಲರ್‌ನ ಬ್ರಷ್ಷು, ಫ್ಯಾನಿನ ಲೆಕ್ಕ ಸರಿಯಿತ್ತು. ಅವನಿಗೆ ಸಿಗದೇ ಹೋದದ್ದು ಒಳ್ಳೆಯ ಚೀಲವೊಂದೇ.

ಒಹಾಯೊದ ನಾರ್ತ್ ಕ್ಯಾಂಟನ್‌ನಲ್ಲಿ ವಿಲಿಯಂ ಹೂವರ್ ಬಾಲ್ಯ ಕಳೆದ ಮನೆಯನ್ನು ಹಳೆಯ ಕ್ಲೀನರ್‌ಗಳ ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಅದಕ್ಕೂ ಹೂವರ್‌ನದೇ ಹೆಸರು. ನಮ್ಮ ನಗರಗಳಲ್ಲಿ ಬೆಳಗಿನ ಜಾವ ಉದ್ದ ಹಿಡಿಯ ಪೊರಕೆ ಹಿಡಿದು ರಸ್ತೆ ಗುಡಿಸುವ ಪೌರಕಾರ್ಮಿಕರ ಸುತ್ತ ಏಳುವ ದೂಳನ್ನು ನಾವು ದಿನವೂ ಕಾಣುತ್ತೇವೆ, ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತೇವೆ. ಪ್ರಾಜೆಕ್ಟ್‌ಗೆ ವಿಷಯ ಸಿಗುತ್ತಿಲ್ಲ ಎಂದು ಕೊನೆಯ ಸೆಮಿಸ್ಟರ್‌ನಲ್ಲಿ ತಲೆ ಕೆಡಿಸಿಕೊಳ್ಳುವ ಗೆಳೆಯರು ಒಮ್ಮೆ ಅಲ್ಲಿ ನಿಂತು, ಆ ದೂಳು ಎಲ್ಲಿಗೆ ಹೋಗುತ್ತದೆ ಎಂದು ನೋಡಬಹುದು. ಕ್ಯಾಂಟನ್‌ನ ಆ ಅಂಗಡಿಯಲ್ಲಿ ಸ್ಪ್ಯಾಂಗ್ಲರ್ ಕೂಡ ಅಲ್ಲಿಂದಲೇ ಶುರು ಮಾಡಿದ್ದು.